ಐನೂರು ರೂಪಾಯಿಯ ತಕರಾರು

2023ರ ಫೆಬ್ರವರಿ ಮೊದಲ ವಾರದಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು: ಬಾಕಿ ಉಳಿದ ಸಂಚಾರ ದಂಡವನ್ನು ಆ ತಿಂಗಳ 11ರೊಳಗೆ ಕಟ್ಟಿದವರಿಗೆ ಅರ್ಧ ಮಾಫಿ. ಹಬ್ಬದ ಹಿಂದಿನ ದಿನ ಹೂವಿನ ಮಾರುಕಟ್ಟೆಯಲ್ಲಿ ಕಾಣುವಂಥ ನೂಕುನುಗ್ಗಲು ಆ ವಾರ ಸಂಚಾರ ಠಾಣೆಗಳಲ್ಲಿ ಕಂಡಿತು. ಒಂಬತ್ತೇ ದಿನಗಳಲ್ಲಿ ಬೆಂಗಳೂರೊಂದರಿಂದಲೇ ನೂರು ಕೋಟಿ ರೂಪಾಯಿಗೂ ಹೆಚ್ಚು ಹಣ ಬಂತು, ಅದೂ ಅರ್ಧ ದರದಲ್ಲಿ. ಜನ ಉತ್ಸಾಹದಿಂದ ದಂಡ ಕಟ್ಟಿದರೆಂದು ಪತ್ರಿಕೆಗಳು ಬರೆದವು, ಅಧಿಕಾರಿಗಳು ಸಂತೋಷಪಟ್ಟರು. ಆ ಬಳಿಕ ರಿಯಾಯಿತಿ ಮತ್ತೆ ಬಂತು, ಮತ್ತೆ ಬಂತು. 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲೂ ಬಂತು. ಆದರೆ ಆ ನೂರು ಕೋಟಿಯ ಹಿಂದೆ ಇನ್ನೊಂದು ಲೆಕ್ಕವಿದೆ. ಇನ್ನೂರು ಕೋಟಿಗೂ ಮಿಕ್ಕ ದಂಡ ಜನರ ಹೆಸರಿನಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನೆ ಕೂತಿತ್ತು. ಅವರು ಕಟ್ಟಿರಲಿಲ್ಲ, ತಕರಾರೂ ತೆಗೆದಿರಲಿಲ್ಲ. ಕಾದಿದ್ದರು. ಕಾದವರಿಗೇ ಸರ್ಕಾರ ಬಹುಮಾನ ಕೊಟ್ಟಿತು.

ಹೆಲ್ಮೆಟ್ ಹಾಕದವರ, ಸಿಗ್ನಲ್ ದಾಟಿದವರ ಮಾತು ಇಲ್ಲಿ ಬೇಡ. ಅವುಗಳಲ್ಲಿ ಫೋಟೊ ನೋಡಿದರೆ ಬಹುತೇಕ ಎಲ್ಲವೂ ತಿಳಿದುಹೋಗುತ್ತದೆ. ಪಾರ್ಕಿಂಗ್ ಹಾಗಲ್ಲ. ನಿಂತ ಗಾಡಿಯ ಚಿತ್ರ ಅದು ನಿಂತಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಅಲ್ಲಿ ನಿಲ್ಲಬಾರದಿತ್ತು ಎಂಬುದಕ್ಕೆ ಬೇರೆ ಆಧಾರ ಬೇಕು. ತಕರಾರು ಹುಟ್ಟುವುದೇ ಈ ಸಂದಿನಲ್ಲಿ. ಆದ್ದರಿಂದ ನೋಪಾರ್ಕಿಂಗ್ ನೋಟಿಸು ಬಂದಾಗ ‘ಐನೂರು ರೂಪಾಯಿಗೆ ಯಾರು ಅಲೆಯುತ್ತಾರೆ’ ಎಂಬ ಲೆಕ್ಕವನ್ನು ಆಮೇಲೆ ಹಾಕೋಣ. ‘ಇವರ ಬಳಿ ಇರುವ ಆಧಾರ ನನ್ನ ತಪ್ಪನ್ನು ತೋರಿಸುತ್ತದೆಯೇ’ ಎಂದು ಮೊದಲು ಕೇಳಿಕೊಳ್ಳಬೇಕು. ತೋರಿಸುವುದಾದರೆ ಅವತ್ತೇ ಕಟ್ಟಬೇಕು. ತೋರಿಸದಿದ್ದರೆ, ಮೊತ್ತ ಎಷ್ಟೇ ಚಿಕ್ಕದಿರಲಿ, ತಕರಾರು ತೆಗೆಯಬೇಕು. ಇವೆರಡೂ ಅಲ್ಲದ ಮೂರನೆಯ ದಾರಿಯನ್ನು, ಅಂದರೆ ರಿಯಾಯಿತಿಯ ದಾರಿ ಕಾಯುವುದನ್ನು, ನಮ್ಮ ವ್ಯವಸ್ಥೆ ಅತ್ಯಂತ ಅಗ್ಗದ್ದಾಗಿ ಮಾಡಿಟ್ಟಿದೆ. ಅದನ್ನು ಮುಚ್ಚಬೇಕು ಎಂಬುದು ನನ್ನ ವಾದ.

ಮೊದಲು ‘ದಂಡ’ ಎಂಬ ಮಾತನ್ನೇ ಬಿಡಿಸಿ ನೋಡೋಣ. ಸಂಚಾರ ಪೊಲೀಸರು ರಸ್ತೆಯಲ್ಲಿ ರಶೀದಿ ಕೊಟ್ಟು ಪಡೆಯುವ, ಇಲ್ಲವೇ ಮೊಬೈಲಿಗೆ ಸಂದೇಶ ಕಳಿಸಿ ಕೇಳುವ ಹಣ ಕಾನೂನಿನ ಕಣ್ಣಲ್ಲಿ ಶಿಕ್ಷೆಯೇ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ ಅದು ರಾಜಿ. ಕೆಲವು ಅಪರಾಧಗಳನ್ನು ಕೋರ್ಟಿಗೆ ಒಯ್ಯದೆ, ಸರ್ಕಾರ ಅಧಿಸೂಚಿಸಿದ ದರ್ಜೆಯ ಅಧಿಕಾರಿ, ಸರ್ಕಾರ ನಿಗದಿ ಮಾಡಿದ ಮೊತ್ತ ಪಡೆದು ಅಲ್ಲಿಗೇ ಮುಗಿಸಬಹುದು. ಶಿಕ್ಷೆ ವಿಧಿಸುವ ಅಧಿಕಾರ ಇರುವುದು ಮ್ಯಾಜಿಸ್ಟ್ರೇಟರಿಗೆ. 2019ರ ಸೆಪ್ಟೆಂಬರ್ 1ರಂದು ಹೊಸ ದಂಡಗಳು ಜಾರಿಗೆ ಬಂದಾಗ ಆದದ್ದನ್ನು ನೆನೆದರೆ ಈ ಗೆರೆ ಸ್ಪಷ್ಟವಾಗುತ್ತದೆ. ಸಂಸತ್ತು ಮಾಡಿದ ಕಾಯ್ದೆಯ ಅಂಕಿಯನ್ನು ರಾಜ್ಯ ಸರ್ಕಾರ ಮುಟ್ಟುವಂತಿರಲಿಲ್ಲ. ಆದರೂ ಜನರ ಸಿಟ್ಟು ನೋಡಿ ಕರ್ನಾಟಕ ಅದೇ ತಿಂಗಳು ಹಲವು ದಂಡಗಳನ್ನು ಇಳಿಸಿತು. ಇಳಿಸಿದ್ದು ರಾಜಿಯ ದರವನ್ನು. ರಾಜಿ ಎಂದ ಮೇಲೆ ಅದು ಎರಡು ಕಡೆಯವರ ಒಪ್ಪಿಗೆಯ ಮಾತು. ‘ತಪ್ಪಾಯಿತು, ಇಷ್ಟು ತಗೊಳ್ಳಿ, ಮುಗಿಸಿ’ ಎಂದು ನೀವು ಹೇಳಿದಂತೆ. ಹಣ ಕಟ್ಟಿದ ಮೇಲೆ ಆ ಪ್ರಕರಣದಲ್ಲಿ ಮುಂದಿನ ಕ್ರಮವಿಲ್ಲ ಎಂದು ಅದೇ ಸೆಕ್ಷನ್ ಹೇಳುತ್ತದೆ. ಕಟ್ಟಿ ಆಮೇಲೆ ಜಗಳವಾಡೋಣ ಎನ್ನುವವರಿಗೆ ಬಾಗಿಲು ಮುಚ್ಚುವುದೂ ಅಲ್ಲೇ. ತಕರಾರು ಇದ್ದರೆ ಕಟ್ಟುವ ಮುಂಚೆಯೇ ತೆಗೆಯಬೇಕು.

ಇನ್ನು, ನಿಲ್ಲಿಸಬಾರದ ಜಾಗ ಯಾವುದು? ಇದಕ್ಕೆ ಕಾನೂನಿನಲ್ಲಿ ಎರಡು ಮೂಲಗಳಿವೆ, ಅವನ್ನು ಬೆರೆಸಿಕೊಂಡರೆ ದಾರಿ ತಪ್ಪುತ್ತದೆ. ಮೊದಲನೆಯದು ಎಲ್ಲ ಊರಿಗೂ ಒಂದೇ. 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಾಹನ ಚಾಲನಾ ನಿಬಂಧನೆಗಳ ಪ್ರಕಾರ ಫುಟ್‌ಪಾತ್ ಮೇಲೆ, ಪಾದಚಾರಿ ದಾಟುವ ಪಟ್ಟೆಯ ಮೇಲೆ, ಜಂಕ್ಷನ್ ಹತ್ತಿರ, ಬಸ್ ನಿಲ್ದಾಣದ ಬಳಿ, ಮನೆ-ಅಂಗಡಿಗಳ ಗೇಟಿಗೆ ಅಡ್ಡ, ಇನ್ನೊಂದು ಗಾಡಿಯ ಪಕ್ಕಕ್ಕೆ ಎರಡನೇ ಸಾಲಾಗಿ ನಿಲ್ಲಿಸುವಂತಿಲ್ಲ. ಇಲ್ಲಿ ಬೋರ್ಡು ಇರಲೇಬೇಕೆಂದಿಲ್ಲ. ಫುಟ್‌ಪಾತ್ ಮೇಲೆ ಸ್ಕೂಟರ್ ಹತ್ತಿಸಿ ‘ನೋಪಾರ್ಕಿಂಗ್ ಬೋರ್ಡೇ ಇರಲಿಲ್ಲ’ ಎನ್ನುವ ವಾದ ಒಂದು ನಿಮಿಷವೂ ನಿಲ್ಲದು. ಎರಡನೆಯದು ಆಯಾ ಊರಿನದು. ಒಂದು ರಸ್ತೆಯ ಇಂಥ ಬದಿಯಲ್ಲಿ, ಇಂಥ ಹೊತ್ತಿನಲ್ಲಿ ನಿಲುಗಡೆ ಬೇಡ ಎಂದು ಪೊಲೀಸ್ ಆಯುಕ್ತರೋ ಜಿಲ್ಲಾಧಿಕಾರಿಯೋ ಅಧಿಸೂಚನೆ ಹೊರಡಿಸುತ್ತಾರೆ. ಅದಕ್ಕೆ ಆಧಾರ ಕಾಯ್ದೆಯ 115, 116, 117ನೇ ಸೆಕ್ಷನ್‌ಗಳು ಮತ್ತು 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ 221ಎ. ಮಂಗಳೂರಿನ ರಥಬೀದಿಯಲ್ಲಿ ಜಾತ್ರೆಯೆಂದಾಗ, ಮೈಸೂರಿನಲ್ಲಿ ದಸರಾ ಬಂದಾಗ ಪತ್ರಿಕೆಯ ಒಳಪುಟದಲ್ಲಿ ಅಚ್ಚಾಗುವ ಸಂಚಾರ ಬದಲಾವಣೆಯ ಪ್ರಕಟಣೆಗಳು ಈ ಜಾತಿಯವು. ಈ ಎರಡನೇ ಬಗೆಯ ನಿಷೇಧ ರಸ್ತೆಯಲ್ಲಿ ನಿಂತವನಿಗೆ ಗೊತ್ತಾಗುವುದು ಬೋರ್ಡಿನಿಂದ ಮಾತ್ರ. ಬೋರ್ಡು ಮರದ ಕೊಂಬೆಯ ಹಿಂದೆ ಅಡಗಿದ್ದರೆ, ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಅದನ್ನು ಮುಚ್ಚಿದ್ದರೆ, ಬಾಣದ ಗುರುತು ಎತ್ತ ಕಡೆಗೆಂದು ತಿಳಿಯದಿದ್ದರೆ ಅಲ್ಲಿ ನಿಜವಾದ ತಕರಾರಿದೆ. ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ಎಂಬ ವ್ಯವಸ್ಥೆ ಇರುವ ರಸ್ತೆಗಳಲ್ಲಿ ಗೊಂದಲ ಇನ್ನೂ ಹೆಚ್ಚು. ನಡುರಾತ್ರಿ ಹನ್ನೆರಡಕ್ಕೆ ದಿನಾಂಕ ಬದಲಾಗುತ್ತದೆ, ಗಾಡಿ ತಾನಾಗಿ ಬದಿ ಬದಲಿಸುವುದಿಲ್ಲ.

ಮನೆಯವರೇ ಗೇಟಿಗೆ ತೂಗುಹಾಕುವ ‘ನೋಪಾರ್ಕಿಂಗ್, ಮೀರಿದರೆ ಟೈರಿನ ಗಾಳಿ ತೆಗೆಯಲಾಗುವುದು’ ಎಂಬ ತಗಡಿಗೆ ಕಾನೂನಿನ ಬಲ ಏನೂ ಇಲ್ಲ. ಗಾಳಿ ತೆಗೆಯುವುದೇ ತಪ್ಪು. ಆದರೆ ಗೇಟಿಗೆ ಅಡ್ಡ ನಿಲ್ಲಿಸಬಾರದೆಂಬ ನಿಯಮಕ್ಕೆ ಆ ತಗಡೇ ಬೇಕಾಗಿಲ್ಲ. ಗೇಟಿನಿಂದ ಆಚೆ, ಅವರ ಕಾಂಪೌಂಡಿನ ಉದ್ದಕ್ಕೂ ಇರುವ ರಸ್ತೆ ಮಾತ್ರ ಅವರದಲ್ಲ, ಅವರು ಅಲ್ಲಿ ಎಷ್ಟು ಹೂವಿನ ಕುಂಡ ಇಟ್ಟಿದ್ದರೂ.

ಆಧಾರದ ಮಾತಿಗೆ ಬರೋಣ. 2019ರ ತಿದ್ದುಪಡಿಯಲ್ಲಿ ಸೇರಿದ 136ಎ ಸೆಕ್ಷನ್ ಕ್ಯಾಮೆರಾ ಮೂಲಕ ನಿಗಾ ಇಡಲು ದಾರಿ ಮಾಡಿತು. ಅದರ ಬೆನ್ನಿಗೆ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಸೇರಿತು. ಸಿಸಿಟಿವಿ ಇರಲಿ, ಪೊಲೀಸರ ಎದೆಯ ಮೇಲಿನ ಕ್ಯಾಮೆರಾ ಇರಲಿ, ನಂಬರ್ ಪ್ಲೇಟ್ ಓದುವ ಯಂತ್ರ ಇರಲಿ, ಅದರಿಂದ ಹುಟ್ಟುವ ಚಲನ್‌ನಲ್ಲಿ ಏನಿರಬೇಕೆಂದು ಆ ನಿಯಮ ಪಟ್ಟಿ ಮಾಡಿತು. ತಪ್ಪನ್ನೂ ನಂಬರ್ ಪ್ಲೇಟನ್ನೂ ಎತ್ತಿ ತೋರಿಸುವ ಸ್ಪಷ್ಟ ಚಿತ್ರ, ದಿನ, ಹೊತ್ತು, ಜಾಗ, ಮೀರಿದ ಸೆಕ್ಷನ್, ಜೊತೆಗೆ ವಿದ್ಯುನ್ಮಾನ ಸಾಕ್ಷ್ಯಕ್ಕೆ ಸಾಕ್ಷ್ಯ ಕಾಯ್ದೆ ಕೇಳುವ ಪ್ರಮಾಣಪತ್ರ. ಘಟನೆ ನಡೆದ ಹದಿನೈದು ದಿನಗಳೊಳಗೆ ಸೂಚನೆ ತಲುಪಿಸಬೇಕು ಎಂದೂ ಅದರಲ್ಲಿತ್ತು. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕಡ್ಡಾಯ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಖಚಿತವಾಗಿ ಹೇಳಿದೆ. ಇವನ್ನೆಲ್ಲ ಇಲ್ಲಿ ಹೇಳುತ್ತಿರುವುದು ಕಳ್ಳದಾರಿ ತೋರಿಸಲಿಕ್ಕಲ್ಲ. ನಮ್ಮ ಫೋನಿಗೆ ಬರುವ ಬಹಳಷ್ಟು ಪಾರ್ಕಿಂಗ್ ಚಿತ್ರಗಳಲ್ಲಿ ಗಾಡಿಯ ಹಿಂಭಾಗ ಕಾಣುತ್ತದೆ, ನಂಬರ್ ಕಾಣುತ್ತದೆ, ಬೋರ್ಡು ಕಾಣುವುದಿಲ್ಲ, ರಸ್ತೆ ಯಾವುದೆಂದೂ ತಿಳಿಯುವುದಿಲ್ಲ. ಬೆಂಗಳೂರು ಸಂಚಾರ ಪೊಲೀಸರು ಜನಾಗ್ರಹ ಸಂಸ್ಥೆಯ ಜೊತೆಗೂಡಿ 2015ರಲ್ಲಿ ‘ಪಬ್ಲಿಕ್ ಐ’ ಆ್ಯಪ್ ತಂದ ಮೇಲೆ ದಾರಿಹೋಕರು ತೆಗೆದ ಚಿತ್ರಗಳೂ ನೋಟಿಸಾಗುತ್ತಿವೆ. ಅದು ಒಳ್ಳೆಯದೇ, ಫುಟ್‌ಪಾತ್ ಕಳೆದುಕೊಂಡ ಮುದುಕರ ಕೈಗೆ ಸಿಕ್ಕ ಏಕೈಕ ಆಯುಧ ಅದು. ಆದರೆ ಮೊಬೈಲಿನಲ್ಲಿ ತೆಗೆದ ಆ ಚಿತ್ರ ತಪ್ಪನ್ನು ತೋರಿಸುವಂತಿರಬೇಕು. ಪಕ್ಕದ ಮನೆಯವರ ಮೇಲಿನ ಹಳೇ ದ್ವೇಷವನ್ನಷ್ಟೇ ತೋರಿಸಿದರೆ ಸಾಲದು.

ಹಾಗಾದರೆ ತಕರಾರಿಗೆ ಯೋಗ್ಯವಾದ ನೋಟಿಸುಗಳು ಯಾವುವು? ಗಾಡಿ ನಿಮ್ಮದಲ್ಲದ್ದು ಮೊದಲನೆಯದು. ಎಂಟನ್ನು ಬಿ ಎಂದೂ ಸೊನ್ನೆಯನ್ನು ಡಿ ಎಂದೂ ಓದುವ ಯಂತ್ರಗಳಿವೆ. ನಿಮ್ಮ ನಂಬರನ್ನು ಕದ್ದು ಬೇರೆ ಸ್ಕೂಟರಿಗೆ ಅಂಟಿಸಿಕೊಂಡವರೂ ಇದ್ದಾರೆ. ಚಿತ್ರದಲ್ಲಿ ಗಾಡಿಯ ಬಣ್ಣ, ಕಂಪನಿ, ಕನ್ನಡಿ, ಹಿಂಬದಿಯ ಸ್ಟಿಕ್ಕರು ನೋಡಿದರೆ ಇದು ಒಂದೇ ನಿಮಿಷದಲ್ಲಿ ಬಗೆಹರಿಯುತ್ತದೆ. ಮಾರಿದ ಗಾಡಿ ಇನ್ನೊಂದು. 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೆ ಮಾರಿದವರು ಹದಿನಾಲ್ಕು ದಿನದೊಳಗೆ, ಹೊರರಾಜ್ಯಕ್ಕೆ ಮಾರಿದವರು ನಲವತ್ತೈದು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ತಿಳಿಸಿದ್ದರೆ ತಕರಾರು ಗಟ್ಟಿ. ಬ್ರೋಕರ್ ಕೈಗೆ ಸಹಿ ಹಾಕಿದ ಖಾಲಿ ಫಾರಂ ಕೊಟ್ಟು ಮರೆತಿದ್ದರೆ ಕಷ್ಟ ನಿಮ್ಮದೇ. ಬೋರ್ಡಿಲ್ಲದ ಜಾಗ, ದಿನಾಂಕ ತಪ್ಪಿದ ಸಮ-ಬೆಸ ಪಾರ್ಕಿಂಗ್, ಒಂದೇ ನಿಲುಗಡೆಗೆ ಎರಡು ನೋಟಿಸು, ಹಣ ಕೊಟ್ಟು ಚೀಟಿ ಪಡೆದ ಜಾಗದಲ್ಲೇ ಬಂದ ದಂಡ, ಇವೂ ಸರಿಯಾದ ಕಾರಣಗಳು. ಒಂದು ಎಚ್ಚರಿಕೆ: ಬೋರ್ಡಿಲ್ಲ ಎನ್ನುವವರು ಅವತ್ತೇ, ಆ ಬದಿಯ ಉದ್ದಕ್ಕೂ, ದಿನಾಂಕ ಸಮೇತ ಚಿತ್ರ ತೆಗೆದಿಟ್ಟುಕೊಳ್ಳಬೇಕು. ತಿಂಗಳು ಬಿಟ್ಟು ಹೋದರೆ ಅಲ್ಲಿ ಹೊಸ ಬೋರ್ಡು ನಿಂತಿರುತ್ತದೆ.

ತಕರಾರಿಗೆ ಯೋಗ್ಯವಲ್ಲದ ಕಾರಣಗಳ ಪಟ್ಟಿ ಇದಕ್ಕಿಂತ ಉದ್ದ, ಮತ್ತು ನಾವು ಹೆಚ್ಚಾಗಿ ಆಡುವುದು ಅವನ್ನೇ. ‘ಐದೇ ನಿಮಿಷ ನಿಲ್ಲಿಸಿದ್ದೆ’ ಎಂಬುದಕ್ಕೆ ನಿಬಂಧನೆಯಲ್ಲಿ ವಿನಾಯಿತಿ ಇಲ್ಲ. ಔಷಧಿ ಅಂಗಡಿಗೆ ಹೋಗಿದ್ದೆ ಎನ್ನುವವರ ಮೇಲೆ ಕನಿಕರವಿರಲಿ. ಆದರೆ ಅದೇ ಅಂಗಡಿಗೆ ಅದೇ ಫುಟ್‌ಪಾತ್ ಮೇಲೆ ನಡೆದು ಬರಬೇಕಾದ, ಗಾಲಿಕುರ್ಚಿಯಲ್ಲಿ ಬರಬೇಕಾದ ರೋಗಿಯೂ ಇದ್ದಾರೆ. ‘ಇಡೀ ಸಾಲೇ ನಿಂತಿತ್ತು, ನನ್ನದನ್ನು ಮಾತ್ರ ಹಿಡಿದರು’, ‘ಶಾಸಕರ ಕಾರು ಅಲ್ಲೇ ಇತ್ತು, ಪೊಲೀಸರ ಜೀಪೂ ಇತ್ತು’ ಎಂಬ ದೂರು ಬಹಳ ಸಲ ನಿಜವೇ. ಕೇಳಿದರೆ ಮೈ ಉರಿಯುತ್ತದೆ. ಆದರೂ ಸಂವಿಧಾನದ 14ನೇ ವಿಧಿ ತಪ್ಪಿನಲ್ಲಿ ಸಮಾನತೆ ಕೇಳುವ ಹಕ್ಕನ್ನು ಕೊಡುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಶಾಸಕರ ಕಾರಿನ ಚಿತ್ರ ತೆಗೆದು ಕಳಿಸಿ, ಅದು ಬೇರೆ ದೂರು. ನಿಮ್ಮ ನೋಟಿಸಿಗೆ ಅದು ಉತ್ತರವಾಗದು.

ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುವ ಮಾತೆಂದರೆ ‘ನಿಲ್ಲಿಸಲು ಜಾಗವೇ ಇಲ್ಲದ ಊರಿನಲ್ಲಿ ದಂಡ ಹಾಕುವುದೇ ಅನ್ಯಾಯ’ ಎಂಬುದು. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಚಿಕ್ಕಪೇಟೆಯನ್ನೋ ಹುಬ್ಬಳ್ಳಿಯ ದುರ್ಗದಬೈಲನ್ನೋ ಕಟ್ಟಿದವರು ಕಾರನ್ನು ಕನಸಿನಲ್ಲೂ ಕಂಡಿರಲಿಲ್ಲ. ನಗರ ಭೂ ಸಾರಿಗೆ ನಿರ್ದೇಶನಾಲಯ ಬೆಂಗಳೂರಿಗೆಂದು ‘ಪಾರ್ಕಿಂಗ್ ನೀತಿ 2.0’ ರೂಪಿಸಿತು. ಬಡಾವಣೆಗೊಂದು ನಿಲುಗಡೆ ಯೋಜನೆ, ರಸ್ತೆ ಬದಿ ನಿಲ್ಲಿಸಿದ್ದಕ್ಕೆ ಶುಲ್ಕ ಎಂಬ ಅದರ ಮಾತುಗಳು ಬಹುಮಟ್ಟಿಗೆ ಕಾಗದದಲ್ಲೇ ಉಳಿದಿವೆ. ಈ ಸಿಟ್ಟಿಗೆ ಅರ್ಥವಿದೆ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಫ್ರೀಡಂ ಪಾರ್ಕ್ ಬಳಿ ಐನೂರಕ್ಕೂ ಹೆಚ್ಚು ಕಾರು ಹಿಡಿಸುವ ಬಹುಮಹಡಿ ನಿಲುಗಡೆ ಕಟ್ಟಡ 2024ರಲ್ಲಿ ತೆರೆದಾಗಲೂ ಸುತ್ತಲಿನ ರಸ್ತೆಗಳಲ್ಲಿ ಗಾಡಿಗಳ ಸಾಲು ಕರಗಲಿಲ್ಲ. ಹತ್ತು ನಿಮಿಷ ನಡೆಯುವ, ಗಂಟೆಗಿಷ್ಟೆಂದು ಕೊಡುವ ಮನಸ್ಸಿಲ್ಲದಿದ್ದರೆ ಕಟ್ಟಡ ಕಟ್ಟಿ ಪ್ರಯೋಜನವಿಲ್ಲ. ಕಾಯ್ದೆಯ 117ನೇ ಸೆಕ್ಷನ್ ನಿಲುಗಡೆ ಜಾಗ ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ನನ್ನ ಕಾರಿಗೆ ಜಾಗ ಕೊಡಲೇಬೇಕೆಂಬ ಹಕ್ಕನ್ನು ನನಗೆ ಕೊಟ್ಟಿಲ್ಲ. ಜಾಗದ ಕೊರತೆಯ ಜಗಳ ಪಾಲಿಕೆಯೊಂದಿಗೆ, ಚುನಾವಣೆಯಲ್ಲಿ, ವಾರ್ಡ್ ಸಭೆಯಲ್ಲಿ ಆಡಬೇಕಾದದ್ದು. ಮ್ಯಾಜಿಸ್ಟ್ರೇಟರ ಮುಂದೆ ಅದನ್ನಾಡಿದರೆ ಹೊತ್ತು ಹಾಳು.

ಈಗ ಲೆಕ್ಕದ ಮಾತು. ‘ಗೆದ್ದವ ಸೋತ, ಸೋತವ ಸತ್ತ’ ಎಂದು ಕೋರ್ಟಿನ ಬಗ್ಗೆ ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ದಿನಗೂಲಿಯವನಿಗೆ, ಆಟೊ ಓಡಿಸುವವನಿಗೆ, ಡೆಲಿವರಿ ಹುಡುಗನಿಗೆ ಒಂದು ದಿನದ ದುಡಿಮೆ ಕಳೆದುಕೊಂಡು ಐನೂರು ಉಳಿಸುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೆ ತಕರಾರು ಎಂದರೆ ನೇರ ಕೋರ್ಟು ಎಂದುಕೊಂಡಿರುವುದು ಪೂರ್ತಿ ಸರಿಯಲ್ಲ. ಮೊದಲ ಮೆಟ್ಟಿಲು ನೋಟಿಸು ಕಳಿಸಿದ ಕಚೇರಿಗೆ ಲಿಖಿತ ಆಕ್ಷೇಪಣೆ. ನೋಟಿಸಿನ ನಂಬರ್, ಚಿತ್ರ, ನಿಮ್ಮ ಕಾರಣ, ಅದರ ಪುರಾವೆ, ಒಂದು ಪುಟದಲ್ಲಿ ಮುಗಿಯುತ್ತದೆ. ಗಾಡಿಯೇ ಬೇರೆ ಎಂಬಂಥ ತಪ್ಪುಗಳು ಅಲ್ಲೇ ಸರಿಹೋಗಬೇಕು. ಪ್ರಕರಣ ಕೋರ್ಟಿಗೆ ಹೋದರೂ, ಈಗ ವರ್ಚುವಲ್ ಕೋರ್ಟುಗಳಿವೆ. ಅಲ್ಲಿ ಆನ್‌ಲೈನ್‌ನಲ್ಲೇ ದಂಡ ಕಟ್ಟುವುದಾಗಿಯೋ ಎದುರಿಸುವುದಾಗಿಯೋ ಹೇಳಬಹುದು, ಎದುರಿಸುತ್ತೇನೆ ಎಂದವರ ಪ್ರಕರಣ ಮಾಮೂಲು ಕೋರ್ಟಿಗೆ ಹೋಗುತ್ತದೆ. ಸಣ್ಣಪುಟ್ಟ ಪ್ರಕರಣಗಳಲ್ಲಿ ಸಮನ್ಸ್ ಬಂದವರು ಹಾಜರಾಗದೆ ಅಂಚೆಯಲ್ಲಿ ತಪ್ಪೊಪ್ಪಿಕೊಂಡು ಹಣ ಕಳಿಸಬಹುದೆಂದು 208ನೇ ಸೆಕ್ಷನ್ ಹಿಂದಿನಿಂದಲೂ ಹೇಳುತ್ತಿದೆ. ಸೋತರೆ ಏನಾಗುತ್ತದೆ ಎಂಬ ಭಯವೂ ಅಳತೆ ಮೀರಿದ್ದು. 177ನೇ ಸೆಕ್ಷನ್ ಅಡಿ ಮೊದಲ ತಪ್ಪಿಗೆ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1500ವರೆಗೆ ದಂಡ; 2019ಕ್ಕೆ ಮುಂಚೆ ಇದು 100 ಮತ್ತು 300 ಇತ್ತು. ಚಾಲನಾ ನಿಬಂಧನೆ ಮೀರಿದ್ದಕ್ಕೆ 177ಎ ಹಾಕಿದ್ದರೆ 500ರಿಂದ 1000. ಜೈಲಿನ ಮಾತೇ ಇಲ್ಲ. ಹಾಗಾಗಿ ನೋಟಿಸಿನಲ್ಲಿ ಯಾವ ಸೆಕ್ಷನ್ ಬರೆದಿದೆ ಎಂಬುದನ್ನು ಮೊದಲು ಓದಿ. ಗೆಲ್ಲುವ ಕಾರಣ ಗಟ್ಟಿಯಿದ್ದು ದಿನಗೂಲಿ ಕಳೆದುಕೊಳ್ಳಲಾರದವನು ಕಟ್ಟಿ ಸುಮ್ಮನಾದರೆ ಅವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಸಂಬಳ ಕಡಿತವಿಲ್ಲದೆ ರಜೆ ಹಾಕಬಲ್ಲವರು, ಇ-ಮೇಲ್ ಬರೆಯಬಲ್ಲವರು ಸುಮ್ಮನಾಗುವುದು ಸರಿಯಲ್ಲ. ಅವರು ತೆಗೆದ ತಕರಾರಿನಿಂದ ಮರೆಯಾದ ಬೋರ್ಡು ಬೆಳಕಿಗೆ ಬಂದರೆ ಆಟೊದವನ ಮುಂದಿನ ಐನೂರು ಉಳಿಯುತ್ತದೆ.

ಟೋಯಿಂಗ್ ಬಂದಾಗ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ನಿಷೇಧಿತ ಜಾಗದಲ್ಲಿ ನಿಂತ ಗಾಡಿಯನ್ನು ಎತ್ತಿಕೊಂಡು ಹೋಗಲು, ಚಕ್ರಕ್ಕೆ ಬೀಗ ಹಾಕಲು 127ನೇ ಸೆಕ್ಷನ್ ಅಧಿಕಾರ ಕೊಡುತ್ತದೆ. ಸಾಗಣೆಯ ಖರ್ಚು ದಂಡದ ಮೇಲೆ ಬೇರೆ. ಕಾನೂನಿನಲ್ಲಿ ಇದರಲ್ಲಿ ತಪ್ಪಿಲ್ಲ. ತೊಡಕಿರುವುದು ಅದು ನಡೆಯುವ ಬಗೆಯಲ್ಲಿ. ಠಾಣೆಯ ಅಂಗಳದಲ್ಲಿ ಸ್ಕೂಟರು ನಿಂತಿದೆ, ಸಂಜೆ ಮಗುವನ್ನು ಶಾಲೆಯಿಂದ ಕರೆತರಬೇಕು. ಆಗ ರಾಜಿಗೆ ಒಪ್ಪುವುದಿಲ್ಲ ಎನ್ನುವ ಧೈರ್ಯ ಎಷ್ಟು ಜನಕ್ಕಿದೆ? ಹಣ ಕಟ್ಟಿದರೆ ತಕರಾರಿನ ಬಾಗಿಲು ಮುಚ್ಚುತ್ತದೆ, ಕಟ್ಟದಿದ್ದರೆ ಗಾಡಿ ಸಿಗುವುದಿಲ್ಲ. ಎರಡು ಕಡೆಯವರ ಒಪ್ಪಿಗೆ ಎಂದು ಕಾನೂನು ಹೇಳಿದ್ದು ಇಲ್ಲಿ ಒಂದು ಕಡೆಯವರ ಬಲವಂತವಾಗುತ್ತದೆ. ಎತ್ತುವ ಮುನ್ನ ಮೈಕಿನಲ್ಲಿ ನಂಬರ್ ಕೂಗುವುದಿಲ್ಲ, ಮಾಲೀಕ ಓಡಿಬಂದರೂ ಇಳಿಸುವುದಿಲ್ಲ ಎಂಬ ದೂರುಗಳು ಮಿತಿಮೀರಿ, 2022ರ ಆರಂಭದಲ್ಲಿ ಬೆಂಗಳೂರಿನಲ್ಲಿ ಟೋಯಿಂಗ್ ನಿಲ್ಲಿಸಬೇಕಾಯಿತು. ಅದನ್ನು ಮತ್ತೆ ತರುವ ಮಾತು ಬಂದಾಗಲೆಲ್ಲ ದರ ಎಷ್ಟು, ಗುತ್ತಿಗೆ ಯಾರಿಗೆ ಎಂಬ ಚರ್ಚೆ ನಡೆಯುತ್ತದೆ. ಸಾಗಣೆಯ ಖರ್ಚು ಕೊಟ್ಟು ಗಾಡಿ ಬಿಡಿಸಿಕೊಂಡು, ದಂಡವನ್ನು ಮಾತ್ರ ಬೇರೆಯಾಗಿ ಎದುರಿಸುವ ಅವಕಾಶ ಇರಬೇಕು ಎಂದು ಕೇಳುವವರು ಕಡಿಮೆ. ಕೇಳಬೇಕು.

ಕೊನೆಯದಾಗಿ ಕಾಯುವವರ ಮಾತು. ಇವರನ್ನು ಸೋಮಾರಿಗಳೆನ್ನುವುದು ಸುಲಭ. ನನಗೆ ಅವರು ಜಾಣರಂತೆ ಕಾಣುತ್ತಾರೆ, ಅದೇ ಸಮಸ್ಯೆ. ಅವತ್ತೇ ಕಟ್ಟಿದವನಿಗೆ ಪೂರ್ತಿ ಐನೂರು, ಮೂರು ವರ್ಷ ಕಾದವನಿಗೆ ಇನ್ನೂರೈವತ್ತು. ಇಂಗ್ಲೆಂಡಿನಲ್ಲಿ ಇದಕ್ಕೆ ಸರಿಯಾಗಿ ಉಲ್ಟಾ. ಅಲ್ಲಿ ಸ್ಥಳೀಯ ಆಡಳಿತದ ಪಾರ್ಕಿಂಗ್ ದಂಡವನ್ನು ಹದಿನಾಲ್ಕು ದಿನಗಳೊಳಗೆ ಕಟ್ಟಿದರೆ ಅರ್ಧ, ತಡ ಮಾಡಿದರೆ ಪೂರ್ತಿ, ಇನ್ನೂ ತಡ ಮಾಡಿದರೆ ಅದಕ್ಕೂ ಹೆಚ್ಚು. ಒಪ್ಪದವರು ಮೊದಲು ಆಡಳಿತಕ್ಕೆ ಬರೆಯುತ್ತಾರೆ, ಅಲ್ಲೂ ಆಗದಿದ್ದರೆ ಶುಲ್ಕವಿಲ್ಲದೆ ಸ್ವತಂತ್ರ ನ್ಯಾಯಮಂಡಳಿಗೆ ಹೋಗುತ್ತಾರೆ. ಅಲ್ಲಿಯ ಬಹಳಷ್ಟು ಕೆಲಸ ಕಾಗದ-ಪತ್ರದಲ್ಲೇ ನಡೆಯುತ್ತದೆ. ಅದೇ ರಿಯಾಯಿತಿ, ಅದೇ ಅರ್ಧ. ಕೊಡುವ ಹೊತ್ತು ಬದಲಾದರೆ ಜನರ ನಡೆ ಬದಲಾಗುತ್ತದೆ. ನಮ್ಮ ಸರ್ಕಾರ ಲೋಕ ಅದಾಲತ್ ಹತ್ತಿರ ಬಂದಾಗ ಮಾಡುವ ಉಪಕಾರವನ್ನು ಪ್ರತಿ ನೋಟಿಸಿನ ಮೊದಲ ಹದಿನೈದು ದಿನಗಳಿಗೆ ಖಾಯಂ ಮಾಡಿ, ಆಮೇಲೆ ಯಾವ ರಿಯಾಯಿತಿಯೂ ಇಲ್ಲ ಎಂದು ಹೇಳಿ, ಹಾಗೇ ನಡೆದುಕೊಂಡರೆ ಸಾಕು. ಆ ಹದಿನೈದು ದಿನಗಳಲ್ಲಿ ಆಕ್ಷೇಪಣೆ ಸಲ್ಲಿಸಿದವರಿಗೆ ಉತ್ತರ ಬರುವವರೆಗೆ ಅರ್ಧದ ಅವಕಾಶ ಉಳಿದಿರಬೇಕು. ಇಲ್ಲದಿದ್ದರೆ ರಿಯಾಯಿತಿಯೇ ತಕರಾರಿನ ಬಾಯಿ ಮುಚ್ಚಿಸುವ ಸಾಧನವಾಗುತ್ತದೆ. ಉತ್ತರಿಸುವವರು ನೋಟಿಸು ಬರೆದ ಅಧಿಕಾರಿಯೇ ಆಗಿರಬಾರದು, ಕಾರಣ ಬರಹದಲ್ಲಿರಬೇಕು.

ಕಾಯುವಿಕೆಗೆ ಸರ್ಕಾರದ ಕಡೆಯದೂ ಒಂದು ಪಾಲಿದೆ. ದಂಡವೊಂದೇ ಶಿಕ್ಷೆಯಾಗಿರುವ ಅಪರಾಧವನ್ನು ಆರು ತಿಂಗಳು ಕಳೆದ ಮೇಲೆ ಕೋರ್ಟು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ ಎಂದು ಹಿಂದಿನ ಅಪರಾಧ ಪ್ರಕ್ರಿಯಾ ಸಂಹಿತೆಯ 468ನೇ ಸೆಕ್ಷನ್ ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ವಿಳಂಬಕ್ಕೆ ತಕ್ಕ ಕಾರಣವಿದ್ದರೆ ಕೋರ್ಟು ಮನ್ನಿಸಬಹುದು, ಅದು ಬೇರೆ. ಹಾಗಿರುವಾಗ ನಾಲ್ಕು ವರ್ಷದ ಹಿಂದಿನ, ಕೋರ್ಟಿಗೆ ಒಯ್ಯದ ಪಾರ್ಕಿಂಗ್ ನೋಟಿಸನ್ನು ಜಾಲತಾಣದಲ್ಲಿ ‘ಬಾಕಿ’ ಎಂದು ತೂಗಾಡಿಸುವುದು ಯಾವ ನ್ಯಾಯ? ಗಾಡಿ ಮಾರಲು ಹೊರಟವನ ಕುತ್ತಿಗೆಗೆ ಅದು ಬೀಳುತ್ತದೆ. ತಪ್ಪು ಎಂದು ಸಾಬೀತು ಮಾಡುವ ಮನಸ್ಸಿದ್ದರೆ ಪೊಲೀಸರು ಆರು ತಿಂಗಳೊಳಗೆ ಕೋರ್ಟಿಗೆ ಸಲ್ಲಿಸಬೇಕು, ಇಲ್ಲದಿದ್ದರೆ ಕೈಬಿಡಬೇಕು. ಹಾಗೆ ಮಾಡಿದರೆ ಕೋರ್ಟುಗಳು ತುಂಬಿ ತುಳುಕುತ್ತವೆ ಎನ್ನುವವರಿದ್ದಾರೆ. ತುಳುಕಲಿಕ್ಕಿಲ್ಲ. ಬೋರ್ಡು ಕಾಣದ ಚಿತ್ರ, ಓದಲಾಗದ ನಂಬರು, ಎರಡೆರಡು ಬಾರಿ ಕಳಿಸಿದ ನೋಟಿಸು, ಇವನ್ನೆಲ್ಲ ಕೋರ್ಟಿಗೆ ಒಯ್ಯಬೇಕೆಂದಾಗ ಠಾಣೆಯಲ್ಲೇ ಜರಡಿ ಹಿಡಿಯಬೇಕಾಗುತ್ತದೆ. ಜರಡಿಯಲ್ಲಿ ಉಳಿಯುವುದು ಗಟ್ಟಿ ಪ್ರಕರಣ; ಗಟ್ಟಿ ಪ್ರಕರಣ ಎಂದು ಗೊತ್ತಾದರೆ ಹೆಚ್ಚಿನವರು ಕೋರ್ಟಿನವರೆಗೂ ಹೋಗದೆ ಕಟ್ಟುತ್ತಾರೆ. ಅರ್ಹತೆಯಿಲ್ಲದ ತಕರಾರು ತೆಗೆದು ಆರು ತಿಂಗಳು ದೂಡೋಣ ಎಂದು ಇದನ್ನು ಓದಿದವರು ಯೋಚಿಸಿದರೆ, ಅವರಿಗೂ ರಿಯಾಯಿತಿಗೆ ಕಾಯುವವರಿಗೂ ವ್ಯತ್ಯಾಸವಿಲ್ಲ.

ಸರ್ಕಾರ ಇದನ್ನು ಯಾವಾಗ ಮಾಡುತ್ತದೋ ಗೊತ್ತಿಲ್ಲ. ನಿಮ್ಮ ಕೆಲಸಕ್ಕೆ ಅದು ಕಾಯಬೇಕಿಲ್ಲ. ಈ ವಾರ ಬಿಡುವಾದಾಗ ಪೊಲೀಸರ ಜಾಲತಾಣದಲ್ಲಿ ನಿಮ್ಮ ಗಾಡಿಯ ನಂಬರ್ ಹಾಕಿ, ಹೆಸರಿಗಿರುವ ಪ್ರತಿ ನೋಟಿಸಿನ ಚಿತ್ರವನ್ನೂ ದೊಡ್ಡದು ಮಾಡಿ ನೋಡಿ. ಫುಟ್‌ಪಾತ್ ಮೇಲೆ ನಿಮ್ಮದೇ ಗಾಡಿ ಕಂಡರೆ ಪೂರ್ತಿ ಹಣ ಕಟ್ಟಿಬಿಡಿ, ಮುಂದಿನ ರಿಯಾಯಿತಿಗೆ ಕಾಯಬೇಡಿ. ಗಾಡಿ ನಿಮ್ಮದಲ್ಲದಿದ್ದರೆ, ಬೋರ್ಡಿನ ಸುಳಿವಿಲ್ಲದಿದ್ದರೆ, ಕಟ್ಟುವ ಮುಂಚೆ ಒಂದು ಪುಟ ಬರೆದು ಕಳಿಸಿ, ಅದರ ಪ್ರತಿ ಇಟ್ಟುಕೊಳ್ಳಿ, ನೋಟಿಸಿನಲ್ಲಿ ಕೊಟ್ಟ ಗಡುವು ದಾಟಲು ಬಿಡಬೇಡಿ. ಜಾಲತಾಣದ ವಿಳಾಸವನ್ನು ಮಾತ್ರ ನೀವೇ ಟೈಪ್ ಮಾಡಿ. ದಂಡದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲುಗಳನ್ನು ಕಳಿಸುವವರು ಪೊಲೀಸರಲ್ಲ, ಅವರು ಐನೂರು ರೂಪಾಯಿಗೆ ನಿಲ್ಲುವವರೂ ಅಲ್ಲ.